ಹಳದಿ ಹೋಗಬೇಕು, ಗೆರೆ ಉಳಿಯಬೇಕು

ಮಿಲ್ಟನ್ ಕ್ಯಾನಿಫ್ ಅವರ ‘ಟೆರ್ರಿ ಅಂಡ್ ದ ಪೈರೇಟ್ಸ್’ ನಾನು ಮೊದಲು ಓದಿದ್ದು ಮರುಮುದ್ರಣದಲ್ಲೇ. ಅಮೆರಿಕದ ಪತ್ರಿಕೆಗಳಲ್ಲಿ 1934ರ ಅಕ್ಟೋಬರ್ 22ರಂದು ಶುರುವಾದ ಈ ಸಾಹಸ ಚಿತ್ರಕಥೆಯನ್ನು ಕ್ಯಾನಿಫ್ 1946ರ ಕೊನೆಯವರೆಗೂ ಬರೆದರು. 2007ರಿಂದ ಹೊರಬಂದ ಆರು ಸಂಪುಟಗಳಲ್ಲಿ ಅದೆಲ್ಲವೂ ಇದೆ. ಓದಿದ ಗುಂಗು ಇಳಿಯುವ ಮೊದಲೇ ಆ ಕಾಲದ ಪತ್ರಿಕೆಗಳಿಂದ ಕತ್ತರಿಸಿದ ದಿನದ ಪಟ್ಟಿಗಳ, ಅಂದರೆ ದಿನಕ್ಕೊಂದರಂತೆ ಅಚ್ಚಾಗುತ್ತಿದ್ದ ಚಿತ್ರಸಾಲುಗಳ, ಒಂದು ಕಟ್ಟು ಕೈಸೇರಿತು. ಅವನ್ನು ಶುಚಿಗೊಳಿಸಿ, ನನ್ನ ಓದಿಗೆಂದು ಒಂದೇ ಒಂದು ಪ್ರತಿಯ ಪುಸ್ತಕ ಮಾಡಿಕೊಳ್ಳಲು ಕುಳಿತೆ.

ಹಳೆಯ ಪತ್ರಿಕೆಯ ಕಾಗದ ಮುಟ್ಟಿದರೆ ಅಂಚು ಉದುರುತ್ತದೆ. ಪ್ರತಿ ಪಟ್ಟಿಯ ಬೆನ್ನಿಗೂ ಕಪ್ಪು ಹಾಳೆ ಇಟ್ಟು ಸ್ಕ್ಯಾನ್ ಮಾಡಿದೆ. ಹಿಂಬದಿಯ ಅಕ್ಷರಗಳು ಮುಂದೆ ಇಣುಕುವುದು ಅದರಿಂದ ಬಹಳಷ್ಟು ತಗ್ಗಿತು. ಚಿತ್ರ ಕಪ್ಪು ಬಿಳುಪಿನದೇ ಆದರೂ ಬಣ್ಣದಲ್ಲೇ, ಇಂಚಿಗೆ 600 ಚುಕ್ಕೆಯಂತೆ ತೆಗೆಯಬೇಕು. ಏಕೆಂದರೆ ಬಣ್ಣದ ಸ್ಕ್ಯಾನ್ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಲ್ಲಿರುತ್ತದೆ. ಕಾಗದದ ಹಳದಿ ಬಣ್ಣ ನೀಲಿ ಪದರದಲ್ಲಿ ಕಪ್ಪಾಗಿ ಕೂರುತ್ತದೆ, ಕೆಂಪು ಪದರದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಕೆಂಪನ್ನಷ್ಟೇ ಉಳಿಸಿಕೊಂಡಾಗ ಅರ್ಧ ಕೆಲಸ ಮುಗಿದಂತೆ.

ಮೊದಲ ಹತ್ತು ಪಟ್ಟಿಗಳನ್ನು ನಾನು ಕೆಡಿಸಿದೆ. ಹಿನ್ನೆಲೆ ಅಚ್ಚ ಬಿಳಿಯಾಗಲೆಂದು ಬೂದು ಛಾಯೆಯನ್ನೆಲ್ಲ ಒಮ್ಮೆಗೇ ಕಪ್ಪು ಇಲ್ಲವೇ ಬಿಳಿಗೆ ತಳ್ಳಿಬಿಟ್ಟೆ. ಆಮೇಲೆ ಒಂದು ರಾತ್ರಿಯ ದೃಶ್ಯವನ್ನು ದೊಡ್ಡದು ಮಾಡಿ ನೋಡಿದರೆ, ಕೋಟಿನ ತೋಳಿನ ಮೇಲೆ ಒಣ ಕುಂಚ ಎಳೆದಿದ್ದ ಎಳೆಗಳು ಒಂದಕ್ಕೊಂದು ಅಂಟಿ ಮಸಿಯ ಮುದ್ದೆಯಾಗಿದ್ದವು. ಸ್ಟುಡಿಯೋ ಹಂಚಿಕೊಂಡಿದ್ದ ಗೆಳೆಯ ನೋಯಲ್ ಸಿಕಲ್ಸ್ ಅವರಿಂದ ಕ್ಯಾನಿಫ್ ಕಲಿತ ನೆರಳಿನ ವಿದ್ಯೆಯೆಲ್ಲ ಇರುವುದು ಆ ಎಳೆಗಳ ನಡುವಿನ ಕೂದಲಗಲದ ಬಿಳುಪಿನಲ್ಲಿ. ಹತ್ತನ್ನೂ ಮತ್ತೆ ಮೊದಲಿನಿಂದ ಮಾಡಿದೆ. ಈಗ ಕೊನೆಯ ಹಂತದವರೆಗೂ ಬೂದು ಛಾಯೆ ಬಿಡುವುದಿಲ್ಲ. ಕಲೆಗಳನ್ನು ಒಂದೊಂದಾಗಿ ಕೈಯಲ್ಲೇ ಅಳಿಸುತ್ತೇನೆ. ಒಂದು ಪಟ್ಟಿಗೆ ಒಂದು ಸಂಜೆ ಹಿಡಿಯುತ್ತದೆ.

ಜೋಡಿಸುವಾಗ ಇನ್ನೊಂದು ಸಂಗತಿ ತಿಳಿಯಿತು. ದಿನದ ಕಥೆ ಮತ್ತು ಭಾನುವಾರದ ಕಥೆ ಮೊದಲು ಬೇರೆಬೇರೆಯಾಗಿದ್ದವು. 1936ರ ಆಗಸ್ಟ್ 26ರಿಂದ ಒಂದಾದವು. ನನ್ನ ಕಟ್ಟಿನಲ್ಲಿ ಭಾನುವಾರದ ಬಣ್ಣದ ಪುಟಗಳಿಲ್ಲ. ಆದರೂ ಶನಿವಾರದಿಂದ ಸೋಮವಾರಕ್ಕೆ ಜಿಗಿದರೆ ಕಥೆಯ ಎಳೆ ತಪ್ಪುವುದಿಲ್ಲ. ಒಂದನ್ನಷ್ಟೇ ಓದುವವರೂ ಇದ್ದಾರೆಂದು ತಿಳಿದು ಹೆಣೆದ ಕಥೆಯದು. ಈ ಕುಸುರಿ ನನಗೆ ಕಂಡಿದ್ದು ತಾರೀಖು ನೋಡಿ ಪಟ್ಟಿಗಳನ್ನು ಸಾಲಾಗಿ ಹರಡಿದಾಗಲೇ.

ಇಂಥ ಕಾಗದ ಉಳಿದಿರುವುದೇ ಕೆಲವರ ಹಟದಿಂದ. ಗ್ರಂಥಾಲಯಗಳು ಪುಟಗಳನ್ನು ಪುಟಾಣಿ ಚಿತ್ರಗಳಾಗಿ ಫಿಲ್ಮಿಗಿಳಿಸಿ, ಅಂದರೆ ಮೈಕ್ರೋಫಿಲ್ಮ್ ಮಾಡಿಕೊಂಡು, ಪತ್ರಿಕೆಗಳನ್ನು ಹೊರಹಾಕುತ್ತಿದ್ದ ಕಾಲದಲ್ಲಿ ಸಂಗ್ರಾಹಕ ಬಿಲ್ ಬ್ಲ್ಯಾಕ್‌ಬಿಯರ್ಡ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನ್ನು ಮನೆ ತುಂಬಾ ಕೂಡಿಟ್ಟರು. ಆ ರಾಶಿ ಈಗ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದೆ. ಕ್ಯಾನಿಫ್ ಅವರ ಕಾಗದಪತ್ರಗಳೂ ಅಲ್ಲೇ ಇವೆ. ಮೈಕ್ರೋಫಿಲ್ಮಿನಿಂದ ಹಿಗ್ಗಿಸಿದ ಚಿತ್ರದಲ್ಲಿ ಒಣ ಕುಂಚದ ಎಳೆಯನ್ನು ಹುಡುಕಿ ನೋಡಿದವರಿಗೆ ಆ ಹಟದ ಬೆಲೆ ಗೊತ್ತು.

ಕಥೆಯ ಪಾತ್ರ ರೇವನ್ ಶರ್ಮನ್ ಸಾಯುವ 1941ರ ಅಕ್ಟೋಬರ್ 16ರ ಪಟ್ಟಿಯೂ ನನ್ನ ಕಟ್ಟಿನಲ್ಲಿದೆ. ಮಡಿಕೆಯಲ್ಲಿ ಹರಿದು, ಒಂದು ಚೌಕದ ಅಂಚು ಹೋಗಿದೆ. ಸಂಪುಟ ನೋಡಿಕೊಂಡು ನಾನೇ ಗೆರೆ ಎಳೆಯಬಹುದಿತ್ತು, ಎಳೆಯಲಿಲ್ಲ. ಆ ಗೆರೆ ಎಳೆಯಬೇಕಾದ ಕೈ ನನ್ನದಲ್ಲ. ಅದೇ ದಿನದ ಇನ್ನೊಂದು ಪತ್ರಿಕೆಯ ತುಣುಕು ಸಿಗಲೆಂದು ಕಾಯುತ್ತಿದ್ದೇನೆ. ಪುಟ ಖಾಲಿಯಿದೆ, ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿದ್ದೇನೆ. ಪುಸ್ತಕಕ್ಕೆ ಇನ್ನೂ ಹೊಲಿಗೆ ಹಾಕಿಲ್ಲ.