ಅನ್ನ ಬಿಡುವ ಮೊದಲು ಸಂಜೆಯ ಲೆಕ್ಕ ನೋಡಿ

ಪಿಜಿಗೋ ಹಾಸ್ಟೆಲ್‌ಗೋ ಸೇರಿದ ಮೊದಲ ವರ್ಷವೇ ಎಷ್ಟೋ ಹುಡುಗ ಹುಡುಗಿಯರ ಬಟ್ಟೆ ಬಿಗಿಯಾಗುತ್ತದೆ. ಆಗ ತೂಕ ಇಳಿಸಲೆಂದು ಎಲ್ಲರೂ ಮೊದಲು ಬಿಡುವುದು ಮಧ್ಯಾಹ್ನದ ಅನ್ನ. ಪಾಪ, ಅನ್ನ ಏನು ಮಾಡಿತ್ತು? ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಸಂಜೆ 5ರಿಂದ ಮಲಗುವವರೆಗಿನ ಹೊತ್ತನ್ನು.

ಮೊದಲು ಅಳತೆ. ಇದಕ್ಕೆ ಒಂದು ದಾರ ಸಾಕು. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹೊಟ್ಟೆಯ ಸುತ್ತ ತನ್ನಿ (ಉಸಿರು ಎಳೆದು ಹೊಟ್ಟೆ ಒಳಗೆ ಹಾಕಬೇಡಿ, ಯಾರೂ ನೋಡುತ್ತಿಲ್ಲ). ತುದಿಗಳು ಸೇರದಿದ್ದರೆ ಹೊಟ್ಟೆಯ ಕೊಬ್ಬು ಜಾಸ್ತಿಯಾಗಿದೆ ಎಂದೇ ಲೆಕ್ಕ. ಬಿಎಂಐ (ಕೆಜಿ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) ನೋಡುವುದಾದರೆ ಭಾರತೀಯ ವಯಸ್ಕರಿಗೆ 23 ಮುಟ್ಟಿದರೇ ಅಧಿಕ ತೂಕ. 25ರವರೆಗೆ ಕಾಯಬೇಡಿ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ.

ಆಮೇಲೆ ಒಂದು ವಾರ, ಏನನ್ನೂ ಬದಲಿಸದೆ, ಸಂಜೆಯ ನಂತರ ಬಾಯಿಗೆ ಹೋದದ್ದನ್ನೆಲ್ಲ ಮೊಬೈಲಿನಲ್ಲಿ ಬರೆಯಿರಿ: ಬೇಕರಿಯ ಪಫ್ಸ್, ಗೋಬಿ ಮಂಚೂರಿ, ಗೆಳೆಯನ ಪ್ಲೇಟಿನಿಂದ ಎತ್ತಿಕೊಂಡ ಬಜ್ಜಿ, ರಾತ್ರಿ 11ಕ್ಕೆ ಆರ್ಡರ್ ಮಾಡಿದ ಬಿರಿಯಾನಿ. ಮಲಗಿದ ಸಮಯವನ್ನೂ ಬರೆಯಿರಿ. ಬೆಳಗಿನ ತಿಂಡಿ ತಪ್ಪಿಸಿದ ದಿನ ಸಂಜೆ ಎಷ್ಟು ತಿಂದಿರಿ, ಅದನ್ನೂ ನೋಡಿ.

ಸರಿಪಡಿಸುವಾಗ ಊಟಕ್ಕಿಂತ ಮೊದಲು ನಿದ್ದೆಗೆ ಕೈ ಹಾಕಿ. ನಿದ್ದೆಗೆಟ್ಟರೆ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಸಾಕು ಎನ್ನುವ ಲೆಪ್ಟಿನ್ ಹಾರ್ಮೋನು ಇಳಿಯುತ್ತದೆ. 2 ಗಂಟೆವರೆಗೆ ರೀಲ್ಸ್ ನೋಡಿದವರಿಗೆ ಮರುದಿನ ಸಿಹಿ, ಕರಿದದ್ದೇ ಬೇಕು ಅನ್ನಿಸುವುದು ಬರೀ ಚಪಲವಲ್ಲ. ವಯಸ್ಕರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಫೋನನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಹಾಕಿ.

ಮುಂದಿನದು ಕುಡಿಯುವ ಸಕ್ಕರೆ. 250 ಮಿಲಿ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಕುಡಿದರೂ ಹೊಟ್ಟೆ ತುಂಬುವುದಿಲ್ಲ, ಅಲ್ವಾ? ಮಜ್ಜಿಗೆ ಕುಡಿಯಿರಿ. ಸಂಜೆಗೆ ಒಂದು ಹಿಡಿ ಕಡಲೆಕಾಯಿ, ಇಲ್ಲವೇ ಉಸಲಿ.

ನಡಿಗೆ ವಾರಕ್ಕೆ 150 ನಿಮಿಷವಾದರೂ ಇರಲಿ. ಒಂದು ಸ್ಟಾಪ್ ಮೊದಲೇ ಇಳಿದು ನಡೆದರೂ ಆಯಿತು. 17ರ ಒಳಗಿನವರಾದರೆ ದಿನಕ್ಕೆ ಒಂದು ಗಂಟೆ ಆಟ ಬೇಕು.

ಇಷ್ಟಾದರೂ ತೂಕ ಏರುತ್ತಲೇ ಇದ್ದರೆ, ಮುಟ್ಟು ಏರುಪೇರಾದರೆ, ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾದರೆ ಸುಮ್ನೆ ಡಯಟ್ ಹುಡುಕುತ್ತಾ ಕೂರಬೇಡಿ. ಥೈರಾಯ್ಡ್, ಪಿಸಿಒಡಿ (ಹೆಣ್ಣುಮಕ್ಕಳ ಅಂಡಾಶಯದ ಹಾರ್ಮೋನು ಏರುಪೇರು), ಇನ್ಸುಲಿನ್ ತೊಂದರೆ ಇರಬಹುದು. ವೈದ್ಯರಿಗೆ ತೋರಿಸಿ, ಆ ಒಂದು ವಾರದ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.