ಪಾಸ್‌ಪೋರ್ಟ್ ಎಲ್ಲಿದೆ, ಬೀಗ ಯಾರ ಕೈಲಿದೆ: ಮಾನವ ಕಳ್ಳಸಾಗಣೆಯಿಂದ ಪಾರಾದವರ ಜೊತೆ ನನ್ನ ಅನುಭವ

ಮಾನವ ಕಳ್ಳಸಾಗಣೆಗೆ ಸಿಕ್ಕಿ ಹೊರಬಂದವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ, ವಕೀಲರಿಗೆ ಬೇಕಾದ ವಿವರ ಹೊಂದಿಸುತ್ತೇನೆ, ಉಳಿಯಲು ಜಾಗ ಹುಡುಕುತ್ತೇನೆ.

ಸೇರಿದ ಮೊದಲ ವರ್ಷ ಒಂದು ಮನೆಗೆ ಹೋಗಿದ್ದೆ. ಮನೆಗೆಲಸದ ಹೆಂಗಸನ್ನು ಹೊರಗೇ ಬಿಡುತ್ತಿಲ್ಲ ಅಂತ ಪಕ್ಕದವರು ಫೋನ್ ಮಾಡಿದ್ದರು. ಮಾಲೀಕರು ನನ್ನನ್ನು ಕೂರಿಸಿದರು, ಆಕೆಯನ್ನು ಕರೆದರು. ನಾನು ಕೇಳಿದೆ: "ನಿಮ್ಮನ್ನು ಯಾರಾದರೂ ಬಲವಂತವಾಗಿ ಇಟ್ಟುಕೊಂಡಿದ್ದಾರಾ?" ಆಕೆ ನೆಲ ನೋಡುತ್ತಾ "ಇಲ್ಲ" ಅಂದರು. ಮಾಲೀಕರು ಅಲ್ಲೇ ನಿಂತಿದ್ದರು. ನಾನು "ಇಲ್ಲ" ಅಂತ ಬರೆದುಕೊಂಡು ಎದ್ದು ಬಂದೆ. ಒಂದು ತಿಂಗಳಾದ ಮೇಲೆ ಮತ್ತೆ ಹೋದರೆ ಆಕೆ ಅಲ್ಲಿರಲಿಲ್ಲ. ಎಲ್ಲಿಗೆ ಕಳಿಸಿದರು ಅಂತ ಇವತ್ತಿಗೂ ಪತ್ತೆಯಾಗಿಲ್ಲ.

ಆ ಪ್ರಶ್ನೆಯನ್ನು ಆಮೇಲೆ ನಾನು ಯಾರಿಗೂ ಕೇಳಿಲ್ಲ.

ಜೀತ ಅಂದರೆ ಕಾಲಿಗೆ ಸರಪಳಿ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸಿಕ್ಕಿಬಿದ್ದವರ ತಲೆಯಲ್ಲೂ ಅದೇ ಇದೆ. "ನನ್ನನ್ನು ಯಾರೂ ಹೊತ್ತುಕೊಂಡು ಬರಲಿಲ್ಲ, ನಾನೇ ಏಜೆಂಟ್ ಜೊತೆ ಬಂದೆ, ತಪ್ಪು ನನ್ನದೇ" ಅಂತ ಹೇಳದವರು ಕಡಿಮೆ. ಮಾನವ ಕಳ್ಳಸಾಗಣೆ ತಡೆಯಲು 2000ನೇ ಇಸವಿಯಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂತರರಾಷ್ಟ್ರೀಯ ಒಪ್ಪಂದ, ಪಲೆರ್ಮೊ ಪ್ರೋಟೋಕಾಲ್, ಇದಕ್ಕೆ ನೇರ ಉತ್ತರ ಕೊಡುತ್ತದೆ. ಮೋಸದಿಂದಲೋ, ಬೆದರಿಕೆಯಿಂದಲೋ, ಕಷ್ಟದಲ್ಲಿದ್ದವರ ಅಸಹಾಯಕತೆ ಬಳಸಿಕೊಂಡೋ ಕರೆತಂದು ದುಡಿಸಿದರೆ, ಒಪ್ಪಿ ಬಂದರು ಅನ್ನುವ ಮಾತು ಲೆಕ್ಕಕ್ಕೇ ಬರುವುದಿಲ್ಲ. 18 ವರ್ಷದೊಳಗಿನವರಾದರೆ ಮೋಸ, ಬೆದರಿಕೆ ಇತ್ತು ಅಂತ ತೋರಿಸಬೇಕಾಗೂ ಇಲ್ಲ. ಇದನ್ನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಕೆಲವರು ಎರಡೆರಡು ಸಲ ಹೇಳಿಸಿಕೊಳ್ಳುತ್ತಾರೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಗೆ 11 ಗುರುತುಗಳನ್ನು ಪಟ್ಟಿ ಮಾಡಿದೆ. ಗುರುತಿನ ಚೀಟಿ ಕಿತ್ತಿಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಒಂಟಿಯಾಗಿಸುವುದು, ಸಾಲದಲ್ಲಿ ಕಟ್ಟಿಹಾಕುವುದು, ಹೀಗೆ. ಅದನ್ನು ಓದಿದ ಮೇಲೆ ಅವನ್ನೆಲ್ಲ ದಿನದ ಮಾತಿಗೆ ಇಳಿಸಿಕೊಂಡೆ. ಪಾಸ್‌ಪೋರ್ಟ್ ಎಲ್ಲಿದೆ? ಫೋನ್ ಯಾರ ಹತ್ತಿರ ಇರುತ್ತೆ? ಎಲ್ಲಿ ಮಲಗ್ತೀರಿ? ರಾತ್ರಿ ಬಾಗಿಲಿಗೆ ಬೀಗ ಹಾಕೋದು ಯಾರು? ಹೋದ ಸಲ ಸಂಬಳ ಕೈಗೆ ಬಂದಿದ್ದು ಯಾವಾಗ? ಕೊನೆಗೆ, ನಾಳೆ ಕೆಲಸ ಬಿಡ್ತೀನಿ ಅಂದರೆ ಏನಾಗುತ್ತೆ?

ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ನನಗೆ ಮುಖ್ಯ. "ಇನ್ನೂ ಸಾಲ ತೀರಿಲ್ಲ." "ಮನೆಯವರನ್ನು ಬಿಡೋದಿಲ್ಲ ಅಂದಿದ್ದಾರೆ." "ಪೊಲೀಸರು ನನ್ನನ್ನೇ ಹಿಡೀತಾರಂತೆ."

ಕೇಳುವ ರೀತಿಯೂ ಬದಲಾಯಿತು. ಮಾಲೀಕರಾಗಲಿ, ಮೇಸ್ತ್ರಿಯಾಗಲಿ ಹತ್ತಿರ ಇರಬಾರದು. ದುಭಾಷಿ ಬೇಕಾದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲೇ ಸಿಕ್ಕ "ಭಾಷೆ ಬಲ್ಲ ಅಣ್ಣ" ಏಜೆಂಟಿನ ಕಡೆಯವನೇ ಆಗಿರಬಹುದು. ಇವತ್ತು ಹೇಳಿದ ದಿನಾಂಕ ನಾಳೆ ಬೇರೆಯಾದರೆ ಸುಳ್ಳು ಅಂತ ತಿಳಿಯಬೇಡಿ. ತಿಂಗಳುಗಟ್ಟಲೆ ನಿದ್ದೆ ಇಲ್ಲದೆ ಹೆದರಿ ಬದುಕಿದವರ ನೆನಪು ಕ್ರಮವಾಗಿ ಬರುವುದಿಲ್ಲ. ಮತ್ತೆ, ಅವರನ್ನು ಕೇಳದೆ ನುಗ್ಗಿ "ಬಿಡಿಸಿಕೊಂಡು" ಬರುವುದನ್ನು ನಾನು ಒಪ್ಪುವುದಿಲ್ಲ. ಮಗುವಿದ್ದರೆ, ಜೀವಕ್ಕೆ ಅಪಾಯ ಇದ್ದರೆ ಬೇರೆ ಮಾತು. ಉಳಿದಂತೆ, ಊರಲ್ಲಿ ಅವರ ಮಕ್ಕಳ ಮೇಲೆ ಯಾರ ಕಣ್ಣಿದೆ ಅಂತ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಇದು ಎಲ್ಲೋ ಒಂದೆರಡು ಕಡೆ ನಡೆಯುವ ವಿಷಯ ಅಲ್ಲ. 2021ರ ಅಂದಾಜಿನಂತೆ ಜಗತ್ತಿನಲ್ಲಿ 4 ಕೋಟಿ 96 ಲಕ್ಷ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿ, 2 ಕೋಟಿ 20 ಲಕ್ಷ ಜನ ಬಲವಂತದ ಮದುವೆಯಲ್ಲಿ. ಸಾಗಣೆ ಅಂದ ತಕ್ಷಣ ವೇಶ್ಯಾವಾಟಿಕೆ ಒಂದೇ ನೆನಪಾಗುತ್ತದೆ ಅಲ್ವಾ? ಬಲವಂತದ ದುಡಿಮೆಯಲ್ಲಿ ಅದರ ಪಾಲು ಸುಮಾರು ಕಾಲು ಭಾಗ. ಹೊಲ, ಮೀನುದೋಣಿ, ಕಟ್ಟಡ, ಕಾರ್ಖಾನೆ, ಅಡುಗೆಮನೆ, ಇಲ್ಲೆಲ್ಲ ಇರುವವರೇ ಜಾಸ್ತಿ.

ಈಚೆಗೆ ಕಂಪ್ಯೂಟರ್ ಬಲ್ಲ ಹುಡುಗರೂ ಬರುತ್ತಿದ್ದಾರೆ. ಒಳ್ಳೆ ಕೆಲಸ ಅಂತ ಜಾಹೀರಾತು ನೋಡಿ ಹೋದವರನ್ನು ಕಾಂಬೋಡಿಯಾ, ಮ್ಯಾನ್ಮಾರ್ ಕಡೆಯ ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂಡಿಹಾಕಿ ಆನ್‌ಲೈನ್ ಮೋಸ ಮಾಡಿಸುತ್ತಾರೆ. ಗುರಿ ಮುಟ್ಟದಿದ್ದರೆ ಹೊಡೆತ. ಹಾಗೆ ಪಾರಾಗಿ ಬಂದ ಒಬ್ಬ ಹುಡುಗ ನನ್ನೆದುರು ಕೂತು ಮೊದಲು ಹೇಳಿದ್ದು ತನ್ನ ಪೆಟ್ಟಿನ ವಿಷಯ ಅಲ್ಲ. ತನ್ನಿಂದ ಹಣ ಕಳೆದುಕೊಂಡ ಮುದುಕಿಯೊಬ್ಬರ ವಿಷಯ. ಇಂಥವರನ್ನು ಅಪರಾಧಿ ಅಂತ ಜೈಲಿಗೆ ಹಾಕಿದರೆ ಏಜೆಂಟ್ ಕೊಟ್ಟ ಬೆದರಿಕೆಯನ್ನು ನಾವೇ ನಿಜ ಮಾಡಿದಂತಾಗುತ್ತದೆ. ಬಲವಂತದಿಂದ ಮಾಡಿಸಿದ ತಪ್ಪಿಗೆ ಶಿಕ್ಷೆ ಕೊಡಬಾರದು ಅಂತ ಪ್ರತಿ ಸಲವೂ ಬರೆದು ಕೊಡುತ್ತೇನೆ, ವಾದ ಮಾಡುತ್ತೇನೆ.

ಹೊರಬಂದವರಿಗೆ ಮೊದಲ ರಾತ್ರಿ ನಾನು ಕೊಡುವುದು ಕೋಣೆಯ ಬೀಗದ ಕೈ. ಒಬ್ಬರು ಬಂದ ದಿನ ಚಿಲಕವನ್ನು ಒಳಗಿಂದ ಹಾಕಿದರು, ತೆಗೆದರು, ಮತ್ತೆ ಹಾಕಿದರು. ನಾನು ಹೊರಗೆ ನಿಂತು ಆ ಸದ್ದು ಕೇಳುತ್ತಿದ್ದೆ. ಬೆಳಿಗ್ಗೆ ಸ್ನಾನಕ್ಕೆ ಹೋಗಲಾ ಅಂತ ಅಪ್ಪಣೆ ಕೇಳಿದರು.

ಅವರ ಚೀಲದಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇತ್ತು. ಮಾಲೀಕರು ಬರೆಸಿದ್ದ ಸಾಲದ ಲೆಕ್ಕ. ಟಿಕೆಟ್, ವೀಸಾ, ಏಜೆಂಟಿನ ಕಮಿಷನ್. ಸೋಪು. ಒಡೆದ ತಟ್ಟೆ. ಜ್ವರ ಬಂದು ಮಲಗಿದ ಎರಡು ದಿನಕ್ಕೆ ದಂಡ. ಮೂರು ವರ್ಷ ದುಡಿದ ಮೇಲೆ ಸಾಲ ಮೊದಲಿಗಿಂತ ಹೆಚ್ಚಾಗಿತ್ತು! ಅದನ್ನು ಹರಿದು ಹಾಕುತ್ತೇನೆ ಅಂದರು. ಬೇಡ, ಇದು ಸಾಕ್ಷಿ ಅಂದೆ. ಆಮೇಲೆ ಇಬ್ಬರೂ ಕೂತು ಅದೇ ನೋಟ್‌ಬುಕ್ಕಿನ ಪಕ್ಕಕ್ಕೆ ಬೇರೆ ಹಾಳೆ ಇಟ್ಟುಕೊಂಡೆವು. ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಎಷ್ಟು ಗಂಟೆಗೆ ಮಲಗುತ್ತಿದ್ದಿರಿ, ರಜೆ ಎಷ್ಟು. ಅಲ್ಲಿಯ ಕಾನೂನಿನಂತೆ ಅವರಿಗೆ ಬರಬೇಕಾದ ಕೂಲಿ ಎಷ್ಟು. ಮೂರು ಸಂಜೆ ಹಿಡಿಯಿತು.

ನಾನು ಕೂಡಿ ಮೊತ್ತ ಬರೆದೆ. ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, "ಮಗು ಅಳುವಾಗ ರಾತ್ರಿಯೆಲ್ಲ ಎದ್ದಿದ್ದೆನಲ್ಲ, ಅದನ್ನು ನೀವು ಸೇರಿಸಿಲ್ಲ" ಅಂದರು. ತಾವೇ ಬರೆಯತೊಡಗಿದರು.