ಗದರದೆ ಕೆಂಚನಿಗೆ ಕಲಿಸಿದ್ದು: ನನ್ನ ಅನುಭವ

ಕೆಂಚ ನಮ್ಮ ಮನೆಗೆ ಬಂದಿದ್ದು 2021ರ ಜೂನ್‌ನಲ್ಲಿ. ಆಗ ಅವನಿಗೆ ಸುಮಾರು ನಾಲ್ಕು ತಿಂಗಳು. ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿಮರಿ, ಮಳೆಯಲ್ಲಿ ಮೋರಿ ಪಕ್ಕ ನಡುಗುತ್ತಾ ಕೂತಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಜಂತಿನ ಔಷಧಿ ಕೊಡಿಸಿ, ರೇಬಿಸ್ ಲಸಿಕೆ ಹಾಕಿಸಿದೆವು. "ಒಂದು ವಾರ ಇಟ್ಕೊಂಡು ಯಾರಿಗಾದ್ರೂ ಕೊಟ್ಬಿಡು" ಎಂದಿದ್ದರು ಅಮ್ಮ.

ಅವನಿಗೆ ಬೀದಿ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಲಾರಿ ಬಂದರೆ ಸರಿದು ನಿಲ್ಲುತ್ತಿದ್ದ. ಮಿಕ್ಸಿ ಸದ್ದಿಗೆ ಮಾತ್ರ ಮಂಚದ ಕೆಳಗೆ ಓಡುತ್ತಿದ್ದ. ಪೊರಕೆ, ಹೆಲ್ಮೆಟ್ಟು, ಜಾರುವ ಟೈಲ್ಸು, ಎಲ್ಲದಕ್ಕೂ ಹೆದರಿಕೆ. ಮರಿಗಳು ಹುಟ್ಟಿದ ಮೂರನೇ ವಾರದಿಂದ ಹದಿನಾಲ್ಕನೇ ವಾರದೊಳಗೆ ಏನನ್ನು ನೋಡಿ ಬೆಳೆಯುತ್ತವೋ ಅದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ. ಕೆಂಚ ಬರುವಷ್ಟರಲ್ಲಿ ಆ ಕಾಲ ಮುಗಿದಿತ್ತು. ಹಾಗಂತ ಆಮೇಲೆ ಕಲಿಯುವುದೇ ಇಲ್ಲ ಎಂದಲ್ಲ, ನಿಧಾನ ಆಗುತ್ತದೆ ಅಷ್ಟೇ.

ನನಗೆ ಆ ನಿಧಾನ ಬೇಕಿರಲಿಲ್ಲ. ಬೇಗ ಕಲಿಯಲಿ ಎಂದು ಒಬ್ಬ ತರಬೇತುದಾರರನ್ನು ಕರೆಸಿದೆ. ಅವರು ಕತ್ತು ಬಿಗಿಯುವ ಚೈನು ತಂದಿದ್ದರು. ಎರಡನೇ ದಿನ ಕೆಂಚ ಮುಂದಕ್ಕೆ ಎಳೆದಾಗ ಅದನ್ನು ಜಗ್ಗಿದರು. ಅವನು ಕುಂಯ್ ಎಂದು ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಆಮೇಲೆ ಒಂದು ವಾರ ನಾನು ಬೆಲ್ಟು ಕೈಗೆ ತೆಗೆದುಕೊಂಡರೆ ಸಾಕು, ಮಂಚದ ಕೆಳಗೆ. ನನ್ನ ಜೊತೆ ನಡೆಯುವುದನ್ನು ಕಲಿಯಬೇಕಿದ್ದವನು ನನ್ನ ಕೈ ಕಂಡರೆ ನೋವು ಎಂದು ಕಲಿತ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಚೈನು ಜಗ್ಗಿದ ದಿನವೇ ಆ ತರಬೇತುದಾರರಿಗೆ ಸಾಕು ಎಂದು ಹೇಳಿಬಿಟ್ಟಿದ್ದೆ. ಎದೆಗೆ ಹಾಕುವ ಹಾರ್ನೆಸ್ ತಂದು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಮೊದಲು ಕಲಿಸಿದ್ದು ಒಂದೇ ಪದ, "ಭೇಷ್". ಪೇಟೆಯಲ್ಲಿ ಒತ್ತಿದರೆ ಟಿಕ್ ಎನ್ನುವ ಕ್ಲಿಕ್ಕರ್ ಎಂಬ ಪುಟ್ಟ ಸಾಧನ ಸಿಗುತ್ತದೆ, ಅದರ ಕೆಲಸವೂ ಇದೇ. ನನಗೆ ಬಾಯಿಯೇ ಸುಲಭ ಎನಿಸಿತು. ಭೇಷ್ ಎನ್ನುವುದು, ಬೆನ್ನಿಗೇ ಒಂದು ಚೂರು ಪನೀರ್. ಬೇರೇನೂ ಕೇಳುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ, ಒಂದು ವಾರ. ವಾರದ ಕೊನೆಗೆ ಭೇಷ್ ಎಂದ ಕೂಡಲೇ ಕಿವಿ ನಿಮಿರಿಸಿ ನನ್ನ ಕೈ ನೋಡುತ್ತಿದ್ದ. ಫ್ರಿಜ್ ಬಾಗಿಲು ತೆಗೆದ ಸದ್ದಿಗೂ ಜೊಲ್ಲು ಸುರಿಸುತ್ತಿದ್ದ, ಪನೀರ್ ಇದ್ದದ್ದು ಅಲ್ಲೇ ಅಲ್ವಾ. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಪಾವ್ಲೋವ್ ತಮ್ಮ ನಾಯಿಗಳಲ್ಲಿ ಗಮನಿಸಿದ್ದೂ ಇದನ್ನೇ. ಊಟ ಬರುವ ಸೂಚನೆ ಸಿಕ್ಕಿದರೆ ಸಾಕು, ಊಟ ಕಾಣುವ ಮೊದಲೇ ಜೊಲ್ಲು.

ಭೇಷ್ ಏಕೆ ಬೇಕು ಅಂದರೆ, ಸಮಯಕ್ಕೆ. ಕೆಂಚ ಕೂತ ಕ್ಷಣದಲ್ಲೇ ಪನೀರ್ ಅವನ ಬಾಯಿಗೆ ತಲುಪಿಸಲು ಆಗುವುದಿಲ್ಲ. ನಾನು ಡಬ್ಬಿ ತೆಗೆಯುವಷ್ಟರಲ್ಲಿ ಅವನು ಎದ್ದು ಹಾರಿರುತ್ತಾನೆ. ಆಗ ಕೊಟ್ಟರೆ ಹಾರಿದ್ದಕ್ಕೆ ಕೊಟ್ಟ ಹಾಗೆ. ಆದರೆ ಅವನ ಹಿಂಭಾಗ ನೆಲ ಮುಟ್ಟಿದ ಆ ಗಳಿಗೆಯಲ್ಲೇ ಭೇಷ್ ಎಂದರೆ ಯಾವುದಕ್ಕೆ ಎಂದು ಅವನಿಗೆ ತಿಳಿಯುತ್ತದೆ. ಪನೀರ್ ಎರಡು ಸೆಕೆಂಡ್ ತಡವಾದರೂ ಪರವಾಗಿಲ್ಲ.

"ಏನೇ ಇದು, ನಾಯಿಗೂ ಲಂಚ ಕೊಡ್ತೀಯಾ?" ಎಂದು ಅಮ್ಮ ಕೇಳಿದರು. "ಕೆಲಸಕ್ಕೆ ಮುಂಚೆ ಕೊಟ್ರೆ ಲಂಚ ಅಮ್ಮ, ಆದ್ಮೇಲೆ ಕೊಡೋದು ಸಂಬಳ" ಎಂದೆ. ಇದು ಬರೀ ಮಾತಲ್ಲ. ಮೊದಲೇ ಪನೀರ್ ತೋರಿಸಿ ಕೂರಿಸಿದರೆ, ಪನೀರ್ ಇಲ್ಲದ ದಿನ ನಾಯಿ ಕೂರುವುದಿಲ್ಲ. ಚೂರುಗಳು ಕಡಲೆಕಾಯಿ ಬೀಜಕ್ಕಿಂತ ದೊಡ್ಡದಿರಬಾರದು. ಅಷ್ಟನ್ನೂ ಅವನ ದಿನದ ಊಟದಲ್ಲಿ ಕಳೆಯುತ್ತೇನೆ. ಬೇಯಿಸಿದ ಗೆಣಸು, ಕ್ಯಾರೆಟ್ ಕೂಡ ನಡೆಯುತ್ತದೆ. ಆದರೆ ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಹಾಗಾಗಿ ಬಂದವರ ಕೈಯಿಂದ ಕೇಸರಿಬಾತ್ ಕೊಡಿಸುವುದಿಲ್ಲ.

ಪದಗಳ ವಿಷಯಕ್ಕೆ ಮನೆಯಲ್ಲಿ ಒಂದು ಪಂಚಾಯಿತಿಯೇ ಆಯಿತು. ಅಮ್ಮ "ಬಾರೋ" ಎನ್ನುತ್ತಿದ್ದರು, ತಮ್ಮ "ಕಮ್", ನಾನು "ಬಾ". ಅದಕ್ಕಿಂತ ದೊಡ್ಡ ತಪ್ಪು ನನ್ನದು. ಟೆರೇಸಿನಲ್ಲಿ ಆಡುತ್ತಿದ್ದವನನ್ನು "ಕೆಂಚಾ ಬಾ" ಎಂದು ಕರೆಯುತ್ತಿದ್ದೆ, ಬಂದ ಕೂಡಲೇ ಕೆಳಗೆ ಕರೆದುಕೊಂಡು ಹೋಗುತ್ತಿದ್ದೆ, ಇಲ್ಲವೇ ಸ್ನಾನ ಮಾಡಿಸುತ್ತಿದ್ದೆ. ಬಾ ಎಂದರೆ ಆಟ ಮುಗಿಯಿತು ಎಂದು ಅವನು ಅರ್ಥ ಮಾಡಿಕೊಂಡ. ಬರುವುದನ್ನೇ ಬಿಟ್ಟ. ಆ ಪದ ಕೆಟ್ಟುಹೋಯಿತು. ಹೊಸದಾಗಿ "ಇಲ್ಲಿ" ಎಂದು ಶುರು ಮಾಡಿದೆವು. ಕರೆದರೆ ಪನೀರ್ ಕೊಟ್ಟು ಮತ್ತೆ ಆಡಲು ಬಿಡುವುದು, ಹತ್ತರಲ್ಲಿ ಒಂಬತ್ತು ಸಲ ಹೀಗೆ. ಸ್ನಾನಕ್ಕೆ ಬೇಕಾದರೆ ನಾನೇ ಅವನ ಹತ್ತಿರ ಹೋಗುತ್ತೇನೆ, ಆ ಪದ ಬಳಸುವುದೇ ಇಲ್ಲ.

ವಾಕಿಂಗ್‌ನಲ್ಲಿ ನನ್ನ ತಾಳ್ಮೆಗೆ ನಿಜವಾದ ಪರೀಕ್ಷೆ ಇತ್ತು. ಅವನು ಎಳೆದರೆ ನಾನು ನಿಲ್ಲುತ್ತೇನೆ. ಹಗ್ಗ ಸಡಿಲವಾದರೆ ಭೇಷ್, ಮುಂದಕ್ಕೆ ಹೆಜ್ಜೆ. ಮೊದಲ ದಿನ ಗೇಟಿನಿಂದ ಬೀದಿ ಮೂಲೆಗೆ ಹೋಗಲು 25 ನಿಮಿಷ ಹಿಡಿಯಿತು. ಎದುರು ಮನೆಯವರು "ಏನಮ್ಮ, ಕಾಲು ನೋವಾ?" ಎಂದು ಕೇಳಿದರು. ಮೂರು ವಾರ ಹಾಗೇ ಕಳೆಯಿತು. ಒಂದು ಸಲ ಎಳೆದಾಗ ಹೋದರೆ ಕೂಡ "ಎಳೆದರೆ ದಾರಿ ಬಿಡುತ್ತಾಳೆ" ಎಂದು ಕಲಿಯುತ್ತಾನೆ. ಆಫೀಸಿಗೆ ತಡವಾದ ದಿನ ವಾಕಿಂಗ್ ಮಾಡಿಸದೆ, ಟೆರೇಸಿಗೆ ಬಿಟ್ಟು ಹೋಗುತ್ತಿದ್ದೆ.

ಬೀದಿ ನಾಯಿಗಳು ಕಂಡರೆ ಅವನು ಬೊಗಳುತ್ತಿದ್ದದ್ದು ಜೋರಿನಿಂದಲ್ಲ, ಭಯದಿಂದ. ಅವು ದೂರದಲ್ಲಿದ್ದಾಗಲೇ, ಅವನು ಇನ್ನೂ ಬೊಗಳದೆ ಬರೀ ನೋಡಿದಾಗ, ಭೇಷ್ ಎನ್ನಬೇಕು. ಆದರೆ ನಮ್ಮ ಬೀದಿಗಳಲ್ಲಿ ದೂರ ಎಲ್ಲಿದೆ ಹೇಳಿ? ಸಾಲಾಗಿ ನಿಲ್ಲಿಸಿದ ಕಾರುಗಳ ಮರೆ ನನಗೆ ಉಪಯೋಗಕ್ಕೆ ಬಂತು. ಕಾರಿನ ಹಿಂದೆ ನಿಂತು ಒಂದು ಇಣುಕು ನೋಟ, ಭೇಷ್, ಪನೀರ್, ಮತ್ತೆ ಮರೆ. ಬೆಳಗ್ಗೆ ಐದೂವರೆಗೆ ಸ್ಕೂಟರ್ ಗಲಾಟೆ ಕಡಿಮೆ, ಆಗಲೇ ಹೋಗುತ್ತಿದ್ದೆವು. ಆ ಹೊತ್ತಿಗೆ ಬೀದಿ ಗುಡಿಸುವ ಅಕ್ಕ ಇವನನ್ನು ಕಂಡರೆ ಪೊರಕೆ ಕೆಳಗಿಟ್ಟು ನಿಲ್ಲುತ್ತಿದ್ದರು. ಪೊರಕೆಯ ಭಯ ಹೋಗಿದ್ದು ಅವರಿಂದಲೇ.

ಇನ್ನು ಕಾಲಿಂಗ್ ಬೆಲ್ಲು. ಈಗ ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪೂ ಡೆಲಿವರಿ ಹುಡುಗರ ಕೈಯಲ್ಲಿ ಬರುತ್ತದೆ. ದಿನಕ್ಕೆ ಆರೇಳು ಸಲ ಬೆಲ್ಲು, ಅಷ್ಟು ಸಲ ಬೊಗಳಾಟ. ನಾವು "ಸುಮ್ನಿರೋ" ಎಂದು ಕೂಗುತ್ತಿದ್ದೆವು. ಅವನಿಗೆ ನಾವೂ ಜೊತೆಗೆ ಬೊಗಳಿದಂತೆ ಕೇಳಿಸಿರಬೇಕು. ಬೊಗಳಬೇಡ ಎಂದು ಕಲಿಸುವುದು ಕಷ್ಟ. ಅದರ ಬದಲು ಏನು ಮಾಡಬೇಕು ಎಂದು ಕಲಿಸಬಹುದು. ಒಂದು ಚಾಪೆ ಹಾಕಿದೆವು. ಮೊದಲು ಚಾಪೆ ಮುಟ್ಟಿದರೆ ಭೇಷ್, ಆಮೇಲೆ ಕೂತರೆ, ಆಮೇಲೆ ನಾನು ಬಾಗಿಲವರೆಗೆ ಹೋಗಿ ಬರುವ ತನಕ ಕೂತಿದ್ದರೆ. ನಂತರ ಚಿಲಕ ತೆಗೆದು ಮತ್ತೆ ಹಾಕಿದೆ. ಬೆಲ್ಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮೆಲ್ಲಗೆ ಕೇಳಿಸಿದೆ. ಕೊನೆಗೆ ತಮ್ಮ ಹೊರಗೆ ನಿಂತು ನಿಜವಾದ ಬೆಲ್ ಒತ್ತಿದ. ಹತ್ತು ಸಲಕ್ಕೆ ಎಂಟು ಸಲ ಸರಿಯಾದರೆ ಮುಂದಿನ ಹೆಜ್ಜೆ, ಅರ್ಧಕ್ಕಿಂತ ಕಡಿಮೆಯಾದರೆ ಹಿಂದಿನದು. ಒಂದು ಪಾಠ ಐದು ನಿಮಿಷ ಮೀರಬಾರದು. ಮೂರು ತಿಂಗಳು ಬೇಕಾಯಿತು. ಈಗ ಬೆಲ್ಲಾದರೆ ಒಂದು ಸಲ ಬೊಗಳಿ ಚಾಪೆಗೆ ಓಡುತ್ತಾನೆ. ಆ ಒಂದು ಬೊಗಳನ್ನು ನಾನು ಅವನಿಗೇ ಬಿಟ್ಟಿದ್ದೇನೆ.

ಊಟದ ಹೊತ್ತಿನ ಬೊಗಳುವಿಕೆ ಬಿಡಿಸಲು ಹೋದಾಗ ಒಂದು ಎಡವಟ್ಟಾಯಿತು. ಗಮನ ಕೊಡುವುದನ್ನು ನಿಲ್ಲಿಸಿದರೆ ನಾಯಿ ಸುಮ್ಮನಾಗುವ ಮೊದಲು ಇನ್ನೂ ಜಾಸ್ತಿ ಬೊಗಳುತ್ತದೆ. ಮೂರನೇ ದಿನ ಹಾಗೇ ಜೋರಾದಾಗ ತಮ್ಮ ತಡೆಯಲಾರದೆ ಒಂದು ಚೂರು ಚಪಾತಿ ಎಸೆದ. ಹತ್ತು ನಿಮಿಷ ಬೊಗಳಿದರೆ ಚಪಾತಿ ಎಂದು ಕೆಂಚ ಲೆಕ್ಕ ಹಾಕಿಕೊಂಡ. ಅದನ್ನು ಬಿಡಿಸಲು ಮತ್ತೆ ಎರಡು ವಾರ.

ದೀಪಾವಳಿಗೆ ಆಗಸ್ಟ್‌ನಿಂದಲೇ ತಯಾರಿ. ಪಟಾಕಿ ಸದ್ದನ್ನು ಪಿಸುಮಾತಿನಷ್ಟು ಸಣ್ಣಗೆ ಹಾಕಿ ಅವನಿಗೆ ಊಟ ಕೊಡುತ್ತಿದ್ದೆ. ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಏರಿಸುತ್ತಿದ್ದೆ. ಕಿವಿ ಹಿಂದಕ್ಕೆ ಹೋದರೆ ಇಳಿಸುತ್ತಿದ್ದೆ. ಹೆದರಿದಾಗ ಮುದ್ದು ಮಾಡಿದರೆ ಭಯ ಹೆಚ್ಚುತ್ತದೆ ಎಂದು ಹಲವರು ಹೇಳಿದರು. ನಾನು ಒಪ್ಪುವುದಿಲ್ಲ. ಕೂರುವುದು, ಬರುವುದು ಬಹುಮಾನದಿಂದ ಜಾಸ್ತಿಯಾಗುತ್ತದೆ, ನಿಜ. ಭಯ ಹಾಗಲ್ಲ. ಹೆದರಿದ ಮಗುವನ್ನು ತಬ್ಬಿದರೆ ಅದು ಇನ್ನೂ ಹೆದರುತ್ತದೆಯೇ? ಹಬ್ಬದ ರಾತ್ರಿ ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಅವನ ಪಕ್ಕ ನೆಲದ ಮೇಲೆ ಕೂರುತ್ತೇನೆ. ಮೊದಲ ವರ್ಷ ಬೆಳಗಿನವರೆಗೂ ನಡುಗಿದ. ಹೋದ ವರ್ಷ ಹತ್ತೂವರೆಗೆ ನನ್ನ ತೊಡೆ ಮೇಲೆ ತಲೆ ಇಟ್ಟು ನಿದ್ದೆ ಹೋದ.

ಈಗ ಉಗುರು ಕತ್ತರಿಸುವ ಪಾಠ ನಡೆಯುತ್ತಿದೆ. ಕಟರ್ ನೋಡಿದರೆ ಭೇಷ್, ಪಂಜ ಮುಟ್ಟಿಸಿಕೊಂಡರೆ ಭೇಷ್. ಪಂಜ ಹಿಂದಕ್ಕೆ ಎಳೆದುಕೊಂಡರೆ ಅವತ್ತಿಗೆ ನಿಲ್ಲಿಸುತ್ತೇವೆ. ನಿನ್ನೆ ಮುಂಗಾಲಿನ ಒಂದು ಉಗುರು ಆಯಿತು. ಅಮ್ಮ ಅಡುಗೆಮನೆಯಿಂದಲೇ ನೋಡುತ್ತಿದ್ದರು. "ಭೇಷ್ ಕಣೋ ಕೆಂಚ" ಎಂದು ಅವರೇ ಪನೀರ್ ತಂದುಕೊಟ್ಟರು.